ನಾನೇ ಕೊರಗಪ್ಪ ಎಂದವರು

ಮಸ್ಕತ್ತಿನಲ್ಲಿ ನಾನು ಜನ ಕುಡಿಯುವ ನೀರಿನ ಟ್ಯಾಂಕಿನೊಳಗೆ ಇಳಿದು ದುಡಿದವನು. ಒಂದು ದಿನವಲ್ಲ, ಏಳು ವರ್ಷ. ಊರಿನಲ್ಲಿ ನನ್ನ ಅಮ್ಮ ದೊಡ್ಡ ಮನೆಯವರ ಬಾವಿಯಿಂದ ಹತ್ತು ಮಾರು ದೂರದಲ್ಲಿ ಕೊಡ ಇಟ್ಟು, ಯಾರಾದರೂ ಬಂದು ನೀರು ಸುರಿಯಲಿ ಎಂದು ಕಾಯುತ್ತಿದ್ದಳು. ಅವಳ ಮಗ ಒಮಾನಿಗೆ ಬಂದು ಸಾಹೇಬರ ತಾರಸಿ ಹತ್ತಿ ಅವರ ನೀರಿನೊಳಗೇ ಕಾಲಿಟ್ಟ. ಇದನ್ನು ನೆನೆದು ಟ್ಯಾಂಕಿನೊಳಗೆ ಒಬ್ಬನೇ ನಗುತ್ತಿದ್ದೆ. ಯಾಕೆ ನಗುತ್ತೀಯ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಟ್ಯಾಂಕಿನ ಬಾಯಿ ಎರಡು ಗೇಣು ಅಗಲ. ಭುಜ ಓರೆ ಮಾಡಿಕೊಂಡು ಇಳಿಯಬೇಕು. ಒಳಗೆ ನೆಟ್ಟಗೆ ನಿಲ್ಲಲಾಗದು. ಮೊಣಕಾಲೂರಿ ಗೋಡೆಯ ಪಾಚಿ ಉಜ್ಜಬೇಕು, ತಳದ ಕೆಸರನ್ನು ಡಬ್ಬಿಯಲ್ಲಿ ಗೋರಿ ಹೊರಗೆ ಚೆಲ್ಲಬೇಕು, ಆಮೇಲೆ ಬ್ಲೀಚಿಂಗ್ ಪೌಡರ್ ಬಳಿಯಬೇಕು. ಅದರ ಘಾಟು ಗಂಟಲಿಗೆ ಇಳಿದರೆ ಎರಡು ದಿನ ಕೆಮ್ಮು. ಬೆರಳ ಸಂದಿಯ ಚರ್ಮ ಸುಲಿದು ಅನ್ನ ಕಲಸುವಾಗ ಉರಿಯುತ್ತಿತ್ತು. ಜೂನ್ ಜುಲೈಯಲ್ಲಿ ಒಳಗಿನ ಸೆಕೆಗೆ ಕಣ್ಣು ಕತ್ತಲೆ ಬರುತ್ತಿತ್ತು. ಕೆಳಗೆ ವ್ಯಾನಿನ ಬಳಿ ಉಮರಬ್ಬ ಇರುತ್ತಿದ್ದ. ಉಳ್ಳಾಲದವನು, ನಮ್ಮ ಕಂಪನಿಯ ಡ್ರೈವರ್. ಐದು ನಿಮಿಷಕ್ಕೊಮ್ಮೆ "ಕೊರಗಪ್ಪಾ" ಎಂದು ಕೂಗುತ್ತಿದ್ದ. ನಾನು ಒಳಗಿನಿಂದ "ಓ" ಎನ್ನಬೇಕು. ಹಿಂದೆ ಒಬ್ಬ ಕೆಲಸಗಾರ ಒಳಗೇ ಪ್ರಜ್ಞೆ ತಪ್ಪಿ ಬಿದ್ದಿದ್ದನಂತೆ. ಅದಕ್ಕೇ ಈ ಕೂಗು.

1986ರಲ್ಲಿ ಮದೀನತ್ ಸುಲ್ತಾನ್ ಖಾಬೂಸ್ ಎಂಬ ಬಡಾವಣೆಯ ಒಂದು ವಿಲ್ಲಾದ ಕೆಲಸ ಬಂತು. ಮನೆಯವರು ಇರಲಿಲ್ಲ, ಕಾವಲುಗಾರ ಬಾಗಿಲು ತೆರೆದ. ನಲ್ಲಿ ಮುಚ್ಚಲು ಅಡುಗೆಮನೆಗೆ ಹೋದರೆ ಗೋಡೆಯ ಮೇಲೆ ಕನ್ನಡದ ಕ್ಯಾಲೆಂಡರ್. ಒಂದು ಚೀಟಿಯ ಮೇಲೆ, "ಔಷಧಿ ಹಾಕಿದೆ, ಮೂರು ಗಂಟೆಯವರೆಗೆ ನೀರು ಬಿಡಬೇಡಿ" ಎಂದು ಕನ್ನಡದಲ್ಲಿ ಬರೆದು ನಲ್ಲಿಗೆ ಸಿಕ್ಕಿಸಿ ಬಂದೆ. ಮರುದಿನ ಆ ಮನೆಯಿಂದ ಕಂಪನಿಗೆ ಫೋನ್ ಬಂತು. ದೂರು ಎಂದುಕೊಂಡೆ. ಅವರು ಕೇಳಿದ್ದು ಬೇರೆ. ಆ ಚೀಟಿ ಬರೆದವರು ಯಾರು, ಅಷ್ಟು ದುಂಡಗಿನ ಅಕ್ಷರ ಯಾರದು ಎಂದು ಕೇಳಿದರು.

ಅವರು ಶ್ರೀನಿವಾಸಮೂರ್ತಿ. ಮೈಸೂರಿನವರು. ಕೆಲಸ ಇಂಜಿನಿಯರ್, ಹುಚ್ಚು ಕವಿತೆಯದು. ತಿಂಗಳಿಗೊಂದು ಶುಕ್ರವಾರ ಅವರ ಮನೆಯಲ್ಲಿ ಕನ್ನಡದವರು ಸೇರುತ್ತಿದ್ದರು. ವರ್ಷಕ್ಕೊಂದು ಪತ್ರಿಕೆ ತರುತ್ತಿದ್ದರು. ನಮಗೆ ಸಿಗುವ ಹಾಗೆ ಕನ್ನಡದ ಟೈಪ್‌ರೈಟರ್ ಎಲ್ಲೂ ಇರಲಿಲ್ಲ. ಯಾರಾದರೂ ಕೈಯಲ್ಲಿ ಬರೆಯಬೇಕು, ಆಮೇಲೆ ಝೆರಾಕ್ಸ್ ಮಾಡಿ ಹೊಲಿಯಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಆ ಪತ್ರಿಕೆಯ ಕೈಯಾದೆ. ವಾರಕ್ಕೆರಡು ಸಂಜೆ ಅವರ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೆ. ಅವರ ಹೆಂಡತಿ ಪುಟ್ಟಲಕ್ಷ್ಮಮ್ಮ ಕಾಫಿ ತಂದು ಪಕ್ಕದಲ್ಲಿಡುತ್ತಿದ್ದರು. ಸಾರ್ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ನನ್ನ ಜನ್ಮದಲ್ಲಿ ಮೊದಲ ಸಲ.

ಆ ಎರಡು ವರ್ಷ ಸಾರ್ ಅಮೆರಿಕದ ಒಬ್ಬ ಹಳೆಯ ಕವಿಯನ್ನು ಕನ್ನಡಕ್ಕೆ ತರುತ್ತಿದ್ದರು. ಹಿಂದಿನ ಶತಮಾನದವನು. ಅವನ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ನಾನು "ಅಮೆರಿಕದವನು" ಎನ್ನುತ್ತಿದ್ದೆ. ಅವನಿಗೆ ಎಲ್ಲರೂ ಸಮ. ಅಂಬಿಗನೂ ಬಡಗಿಯೂ ದೊರೆಯೂ ಸೂಳೆಯೂ ಒಂದೇ. ಬರೀ ಸಮ ಎಂದು ಬಿಡುವವನಲ್ಲ, ಎಲ್ಲರ ಮೈಯೊಳಗೂ ತಾನೇ ಇದ್ದೇನೆ ಎನ್ನುವವನು. ಅವನ ಕಾಲದಲ್ಲಿ ಅಲ್ಲಿ ಮನುಷ್ಯರನ್ನು ದನಗಳ ಹಾಗೆ ಮಾರುತ್ತಿದ್ದರಂತೆ. ಆ ಗುಲಾಮರ ನೋವೂ ತನ್ನದೇ ಎಂದು ಹಾಡಿದ್ದಾನೆ. ಒಂದೊಂದು ಹಾಳೆಯಲ್ಲೂ "ನಾನು" ಎಂಬ ಮಾತು ಹತ್ತು ಸಲ ಬರುತ್ತಿತ್ತು. ಬರೆದು ಬರೆದು ನನ್ನ ಕೈಗೆ ಅದು ರೂಢಿಯಾಯಿತು. ಆ "ನಾನು" ಎಂಬುದರೊಳಗೆ ಎಲ್ಲರಿಗೂ ಜಾಗವಿತ್ತು. ನಾನೂ ಅಲ್ಲಿ ಒಂದು ಮೂಲೆ ಹಿಡಿದು ಸುಖವಾಗಿ ಕೂತಿದ್ದೆ. ಯಾವ ಊರು, ಯಾವ ಕೇರಿ ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಒಮ್ಮೆ ಬರೆಯುತ್ತಾ ಕೇಳಿದೆ.

"ಸಾರ್, ಆ ಗುಲಾಮರು ತಾವೇ ಏನಾದ್ರೂ ಬರೆದದ್ದುಂಟಾ?"

ಸಾರ್ ಕನ್ನಡಕ ತೆಗೆದರು. "ಬರೆದಿದ್ದಾರೆ ಕೊರಗಪ್ಪ. ಬರೆದಿದ್ದಾರೆ. ನಾನು ಓದಿಲ್ಲ. ನಮಗೆ ಅದನ್ನ ಪಾಠಕ್ಕೆ ಇಟ್ಟಿರಲಿಲ್ಲ."

ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ.

ಮತ್ರಾದ ಸೂಕಿನ, ಎಂದರೆ ಹಳೆಯ ಪೇಟೆಬೀದಿಯ, ಹಿಂದಿನ ಓಣಿಯಲ್ಲಿ ನಮ್ಮ ಕೋಣೆ. ನಾಲ್ಕು ಜನ. ನಾನು, ಉಮರಬ್ಬ, ಮಂಡ್ಯ ಕಡೆಯ ಎಲೆಕ್ಟ್ರಿಷಿಯನ್ ಚಲುವರಾಜು, ಹಡಗಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ ರೊನಾಲ್ಡ್. ರೊನಾಲ್ಡ್ ಮಂಗಳೂರಿನ ಪೇಟೆಯಲ್ಲೇ ಹುಟ್ಟಿ ಬೆಳೆದವನು. ಅಡುಗೆ ಸರದಿಯ ಮೇಲೆ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು, ಯಾವ ದಿನ ಯಾರ ಅಡುಗೆ, ಯಾರು ಪಾತ್ರೆ, ಯಾರು ಕಸ. ಶುಕ್ರವಾರ ನನ್ನದು. ರಜೆಯ ದಿನದ ಅಡುಗೆ ಎಂದರೆ ದೊಡ್ಡ ಅಡುಗೆ. ಬೆಳಿಗ್ಗೆ ಕಡಲ ದಂಡೆಗೆ ಹೋಗಿ ಬೂತಾಯಿ ಮೀನು ತಂದು, ಮೆಣಸು ಕಡೆದು, ಹುಳಿ ಬಿಟ್ಟು ಸಾರು ಮಾಡುತ್ತಿದ್ದೆ. ಮೂವರೂ ನೆಲದ ಮೇಲೆ ಪೇಪರ್ ಹಾಸಿಕೊಂಡು ಕಾಯುತ್ತಿದ್ದರು. ಖಾರ ಹೆಚ್ಚಾದರೆ ಬೈಯುತ್ತಿದ್ದರು. ರೊನಾಲ್ಡ್ ತಟ್ಟೆ ನೆಕ್ಕಿ, "ನಿಂಗೆ ಹೆಣ್ಣು ಕೊಡುವವರ ಪುಣ್ಯ ಮಾರಾಯ" ಎನ್ನುತ್ತಿದ್ದ. ಚಲುವರಾಜು ಮೂರು ಸಲ ಹಾಕಿಸಿಕೊಳ್ಳುತ್ತಿದ್ದ. ವಾರವಿಡೀ ಟ್ಯಾಂಕಿನಲ್ಲಿ ಬೆಂದ ನನಗೆ ಆ ಒಂದು ಹೊತ್ತು ಸಾಕಿತ್ತು. ನನ್ನ ಕೈಯ ಅನ್ನವನ್ನು ಮೂರು ಮನೆಯವರು ಉಣ್ಣುತ್ತಿದ್ದರು. ಊರಿನಲ್ಲಿ ಇದನ್ನು ಹೇಳಿದರೆ ಅಮ್ಮ ನಂಬುತ್ತಿರಲಿಲ್ಲ.

ಗಲ್ಫಿನಲ್ಲಿ ಒಂದು ಪದ್ಧತಿ ಉಂಟು. ರಜೆಗೆ ಹೋಗುವವನ ಪೆಟ್ಟಿಗೆಯಲ್ಲಿ ಅವನ ಸಾಮಾನು ಅರ್ಧ, ಉಳಿದವರ ಸಾಮಾನು ಅರ್ಧ. ಊರಿಗೆ ಹೋದವನು ಮನೆಮನೆಗೆ ಹೋಗಿ ಅವರವರ ಕಟ್ಟು ಕೊಟ್ಟು, ಕೂತು ಮಾತಾಡಿ, ಮನೆಯವರ ಮುಖ ನೋಡಿ ಬರಬೇಕು. 1988ರಲ್ಲಿ ರೊನಾಲ್ಡ್ ರಜೆಗೆ ಹೊರಟ. ನಾನು ಅಮ್ಮನಿಗೆ ಒಂದು ಹಾಲಿನಪುಡಿ ಡಬ್ಬಿ, ನೋವಿನ ಮುಲಾಮು, ಒಂದು ಟಾರ್ಚು ಕಟ್ಟಿ ಕೊಟ್ಟೆ. ಮೇಲೆ ವಿಳಾಸ ಬರೆದೆ, ದುಂಡಗಿನ ಅಕ್ಷರದಲ್ಲಿ. ಉಡುಪಿಯಿಂದ ಆರು ಮೈಲಿ, ಶಾಲೆಯ ಹಿಂದಿನ ಗುಡ್ಡ. ಬರೆಯುವಾಗ ನನ್ನ ಕೈ ತಡೆಯಲಿಲ್ಲ. ಅದೇ ನಾನು ಮಾಡಿದ ತಪ್ಪು. ಎರಡು ವರ್ಷ ಸಮನಾಗಿದ್ದು ಸಮನಾಗಿದ್ದು ನಾನು ಯಾರೆಂಬುದೇ ನನಗೆ ಮರೆತುಹೋಗಿತ್ತು.

ರೊನಾಲ್ಡ್ ನಲವತ್ತು ದಿನಕ್ಕೆ ವಾಪಸ್ ಬಂದ. ಪೆಟ್ಟಿಗೆ ಬಿಚ್ಚಿ ಹಪ್ಪಳ, ಉಪ್ಪಿನಕಾಯಿ ಹಂಚಿದ. ನಾವು ಸುತ್ತ ಕೂತು ಊರಿನ ಸುದ್ದಿ ಕೇಳುತ್ತಿದ್ದೆವು. ನನ್ನ ಸರದಿ ಬಂತು.

"ನಿನ್ನ ಅಮ್ಮ ಒಳ್ಳೆ ಜನ ಮಾರಾಯ," ಎಂದ ರೊನಾಲ್ಡ್. "ನಾನು ಬಿಸಿಲಲ್ಲಿ ಗುಡ್ಡ ಹತ್ತಿ ಹೋಗಿ, ಒಂದು ಲೋಟ ಚಾ ಕೊಡ್ತಾರೇನೋ ಅಂತ ಕೂತೆ. ಇಲ್ಲ. ಓಡಿ ಹೋಗಿ ಎಲ್ಲಿಂದಲೋ ಒಂದು ಬೊಂಡ ತಂದ್ರು. ತಂದು ನನ್ನ ಎದುರು ನೆಲದಲ್ಲಿ ಇಟ್ರು. ಕತ್ತಿಯೂ ಅಲ್ಲೇ ಇಟ್ರು. ನೀವೇ ಕೆತ್ತಿ ಕುಡೀರಿ ಅಂದ್ರು! ನಾನು ಜನ್ಮದಲ್ಲಿ ಬೊಂಡ ಕೆತ್ತಿದವನಾ? ಬೆರಳು ಹೋಗ್ತಿತ್ತು ನೋಡು."

ಅವನು ಹೆಬ್ಬೆರಳು ತೋರಿಸಿ ನಕ್ಕ. ಉಮರಬ್ಬ ನಕ್ಕ. ಚಲುವರಾಜು ನಗಲಿಲ್ಲ.

ರೊನಾಲ್ಡನಿಗೆ ತಿಳಿದಿರಲಿಲ್ಲ. ಪೇಟೆಯ ಹುಡುಗನಿಗೆ ಹೇಗೆ ತಿಳಿಯಬೇಕು? ಮಂಡ್ಯದ ಹಳ್ಳಿಯವನಿಗೆ ತಿಳಿಯಿತು. ಮೇಲಿನವರು ಬಂದರೆ ನಮ್ಮವರು ಬೇಯಿಸಿದ್ದನ್ನು ಕೊಡುವುದಿಲ್ಲ. ಲೋಟದಲ್ಲಿ ನೀರೂ ಕೊಡುವುದಿಲ್ಲ. ಬೊಂಡ, ಎಂದರೆ ಮುಚ್ಚಿದ ಎಳನೀರು ಕಾಯಿ ಕೊಡುತ್ತಾರೆ. ಅದನ್ನು ಕೆತ್ತಲೂ ನಮ್ಮ ಕೈ ತಾಗಬಾರದು, ಕತ್ತಿಯನ್ನು ಅವರ ಕೈಗೇ ಬಿಡುತ್ತಾರೆ. ಅಮ್ಮ ಅರವತ್ತು ವರ್ಷ ಕಲಿತ ಮರ್ಯಾದೆ ಅದು. ಮಗನ ಗೆಳೆಯನ ಜಾತಿ ಕೆಡಬಾರದೆಂದು ಓಡಿ ಹೋಗಿ ಬೊಂಡ ತಂದಿದ್ದಳು. ಆ ಮುದುಕಿಯ ಒಳ್ಳೆಯತನ ನನ್ನನ್ನು ಮಸ್ಕತ್ತಿನಲ್ಲಿ ಹಿಡಿದುಕೊಟ್ಟಿತು.

ಚಲುವರಾಜು ನನ್ನನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ. "ಗುಡ್ಡದ ಮ್ಯಾಲೆ ಅಂದ್ರೆ ಕಾಲೋನೀನಾ ರೊನಾಲ್ಡಣ್ಣ?"

"ಹೌದು, ಬೋರ್ಡ್ ಉಂಟಲ್ಲ ರಸ್ತೆಯಲ್ಲಿ. ಹರಿಜನ ಕಾಲನಿ ಅಂತ." ಹೇಳಿದ ಮೇಲೆ ರೊನಾಲ್ಡನ ಮುಖ ಬದಲಾಯಿತು.

ಆ ವಾರ ಹಾಗೇ ಕಳೆಯಿತು. ಶುಕ್ರವಾರ ಬೆಳಿಗ್ಗೆ ನಾನು ಮೀನು ತಂದೆ. ಒಲೆಯ ಮೇಲೆ ಆಗಲೇ ಸಾರು ಕುದಿಯುತ್ತಿತ್ತು. ಚಲುವರಾಜು ಸೌಟು ಹಿಡಿದು ನಿಂತಿದ್ದ. ಫ್ರಿಜ್ಜಿನ ಮೇಲೆ ಹೊಸ ಕಾಗದ. ಏಳೂ ದಿನ ಅಡುಗೆಗೆ ಉಳಿದ ಮೂವರ ಹೆಸರು. ಪಾತ್ರೆ ಎಂಬಲ್ಲಿ ಏಳೂ ದಿನ ನನ್ನ ಹೆಸರು.

"ಇವತ್ತು ನಂದಲ್ವಾ?" ಎಂದೆ.

"ನೀನು ವಾರೆಲ್ಲಾ ಟ್ಯಾಂಕ್‌ನಾಗೆ ಸಾಯ್ತೀಯ. ಒಲೆ ಮುಂದೆ ಬ್ಯಾರೆ ಯಾಕೆ ಬೇಯ್ತೀಯ? ರೆಸ್ಟ್ ತಗೋ."

"ಪಾತ್ರೆ ತಿಕ್ಕುದು ರೆಸ್ಟಾ ಚಲುವರಾಜು?"

ಅವನು ತಿರುಗಲಿಲ್ಲ. "ನಂಗೇನಿಲ್ಲ ಕಣಪ್ಪ. ದೇವ್ರಾಣೆ ನಂಗೇನಿಲ್ಲ. ನಮ್ಮೂರ್ನೋರು ಇಲ್ಲಿ ಎಷ್ಟು ಜನ ಅವ್ರೆ ಗೊತ್ತಾ? ಊರಿಗೆ ಸುದ್ದಿ ಹೋದ್ರೆ ನಮ್ಮವ್ವ ನನ್ನ ಹೊಸಲು ದಾಟ್ಸಲ್ಲ. ನನ್ ತಂಗಿ ಮದ್ವೆ ಐತೆ."

ಮೀನಿನ ಚೀಲದಿಂದ ನೀರು ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಅವನ ಮುಖಕ್ಕೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಚೀಲವನ್ನು ಸಿಂಕಿನಲ್ಲಿಟ್ಟು ಮೆಟ್ಟಿಲಿಳಿದು ದಂಡೆಗೆ ಹೋಗಿ ಕೂತೆ. ಆ ದಿನ ಮಧ್ಯಾಹ್ನದ ಪಾತ್ರೆಗಳನ್ನು ಬಂದು ನಾನೇ ತಿಕ್ಕಿದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆ. ಇನ್ನೂ ಮೂರು ವಾರ ತಿಕ್ಕಿದೆ. ಉಗುರಿನ ಸಂದಿಯಲ್ಲಿ ಅವರ ಸಾರಿನ ಅರಿಸಿನ ಕೂತಿತು.

ಉಮರಬ್ಬನಿಗೆ ತಡೆಯಲಾಗಲಿಲ್ಲ. ನನ್ನನ್ನು ಕೇಳದೆ, ಒಂದು ದಿನ ಶ್ರೀನಿವಾಸಮೂರ್ತಿಯವರ ಮನೆಯ ಮುಂದೆ ವ್ಯಾನು ನಿಲ್ಲಿಸಿ ಎಲ್ಲ ಹೇಳಿಬಿಟ್ಟ. ಸಾರ್ ನಮ್ಮ ಓಣಿಗೇ ಕಾರು ತಂದರು. ಅವರ ಕಣ್ಣು ಕೆಂಪಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವು ನನಗೆ ಯಾಕೆ ಹೇಳಲಿಲ್ಲ ಕೊರಗಪ್ಪ? ಬರೋ ಶುಕ್ರವಾರ ಪತ್ರಿಕೆ ಬಿಡುಗಡೆ. ಎಲ್ಲರನ್ನೂ ಕರೆದಿದ್ದೀನಿ. ಎಲ್ಲಾ ಸರಿ ಮಾಡ್ತೀನಿ. ನೀವು ಬನ್ನಿ, ಅಷ್ಟೇ."

"ಎಂಥದೂ ಬೇಡ ಸಾರ್. ಚಲುವರಾಜಿನ ಹತ್ರ ಒಂದು ಮಾತು ಆಡಿದ್ರೆ ಸಾಕು. ನನ್ನ ಸರದಿ ನಂಗೆ ಕೊಟ್ರೆ ಸಾಕು."

"ಸರದಿ ಏನು ಮಹಾ! ನಿಮ್ಮನ್ನ ಎಲ್ಲಿ ಕೂರಿಸ್ತೀನಿ ನೋಡಿ," ಎಂದರು. ನಾನು ಕೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ವಿಲ್ಲಾದ ಹಾಲಿನಲ್ಲಿ ನಲವತ್ತು ಜನ. ಹೆಂಗಸರು, ಮಕ್ಕಳು, ಆಫೀಸಿನವರು. ಒಂದು ಪಕ್ಕದಲ್ಲಿ ಮೇಜಿನ ಮೇಲೆ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ. ನಾನು ಬರೆದ ಪತ್ರಿಕೆ ಎಲ್ಲರ ಕೈಯಲ್ಲಿತ್ತು. ಸಾರ್ ಅಮೆರಿಕದವನ ಬಗ್ಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಒಬ್ಬನ ಅವಮಾನ ಎಲ್ಲರ ಅವಮಾನ ಎಂದರು. ಕವಿತೆ ಓದಿದರೆ ಸಾಲದು, ಬದುಕಬೇಕು ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

"ಈ ಪತ್ರಿಕೆಯ ಒಂದೊಂದು ಅಕ್ಷರವೂ ಇವರ ಕೈಯಿಂದ ಬಂದದ್ದು. ಕೊರಗಪ್ಪ. ಹರಿಜನ ಕಾಲೋನಿಯಲ್ಲಿ ಹುಟ್ಟಿದವರು. ಆ ಒಂದೇ ಕಾರಣಕ್ಕೆ ಇವರನ್ನ ಇವರ ಕೋಣೆಯಲ್ಲೇ ಒಲೆಯಿಂದ ದೂರ ಇಟ್ಟಿದ್ದಾರೆ. ಇಂಥದ್ದು ಮಸ್ಕತ್ತಿನಲ್ಲಿ! ನಮ್ಮ ಕನ್ನಡದವರಲ್ಲಿ!"

ನಲವತ್ತು ತಲೆ ನನ್ನ ಕಡೆ ತಿರುಗಿದವು. "ಅಯ್ಯೋ ಪಾಪ" ಎಂದು ಒಂದು ಹೆಂಗಸಿನ ಧ್ವನಿ ಕೇಳಿತು. ಎರಡು ವರ್ಷ ನನ್ನ ಪಕ್ಕ ಕೂತು ಕಾಫಿ ಕುಡಿದ ಜನ ನನ್ನನ್ನು ಹೊಸದಾಗಿ ನೋಡುತ್ತಿದ್ದರು. ಯಾರ ನೋಟದಲ್ಲೂ ಕೆಟ್ಟದ್ದಿರಲಿಲ್ಲ, ಕರುಣೆ ಇತ್ತು. ನನಗೆ ಬಟ್ಟೆ ಬಿಚ್ಚಿ ನಿಲ್ಲಿಸಿದಷ್ಟು ಅವಮಾನವಾಯಿತು.

"ಇವತ್ತು ಎಲ್ಲರಿಗೂ ಕೊರಗಪ್ಪನವರೇ ಬಡಿಸ್ತಾರೆ," ಎಂದರು ಸಾರ್. "ಅವರ ಕೈಯಿಂದಲೇ ನಾವೆಲ್ಲ ಉಣ್ಣೋಣ. ಅವರು ಬೇರೆ ನಾನು ಬೇರೆ ಅಲ್ಲ. ಈ ಕ್ಷಣ ನಾನೇ ಕೊರಗಪ್ಪ."

ಚಪ್ಪಾಳೆ ಬಿತ್ತು. ಸಾರ್ ಸೌಟನ್ನು ನನ್ನ ಕೈಗೆ ಕೊಟ್ಟರು. ಸಾಲಿನಲ್ಲಿ ಮೊದಲು ಚಲುವರಾಜು ನಿಂತಿದ್ದ. ನಿಲ್ಲಿಸಿದ್ದರು. ತಲೆ ತಗ್ಗಿಸಿದ್ದ. ಅವನ ಕೈಯ ತಟ್ಟೆ ನಡುಗುತ್ತಿತ್ತು. ಅವನ ಮೇಲಿನ ನನ್ನ ಸಿಟ್ಟೆಲ್ಲ ಆ ತಟ್ಟೆ ನೋಡಿ ಇಳಿದುಹೋಯಿತು. ನಾಳೆಯಿಂದ ಇವನು ನನ್ನನ್ನು ಜನ್ಮವಿಡೀ ದ್ವೇಷಿಸುತ್ತಾನೆ ಎಂದು ಗೊತ್ತಾಯಿತು.

ನಾನು ಸೌಟನ್ನು ಮೇಜಿನ ಮೇಲೆ ಇಟ್ಟೆ.

"ನಾನು ಬಡಿಸುದಿಲ್ಲ ಸಾರ್."

"ಸಂಕೋಚ ಬೇಡ ಕೊರಗಪ್ಪ. ನಿಮ್ಮ ಕೈ ಊಟ ನಮ್ಮ ಭಾಗ್ಯ."

"ಭಾಗ್ಯ ನಿಮ್ಗೆ. ನಂಗೆಂಥ ಸಾರ್? ನನ್ನ ಕೈಯಿಂದ ತಿಂದು ನೀವೆಲ್ಲ ದೊಡ್ಡವರಾಗ್ತೀರಿ. ಅದಕ್ಕೆ ನಾನು ಇಷ್ಟು ಜನರ ಎದುರು ಸಣ್ಣವನಾಗಿ ನಿಲ್ಬೇಕಾ?"

ಸಾರ್ ಮುಖ ಬಿಳುಚಿತು. "ನಾನು... ನಿಮ್ಮ ನೋವು ನನ್ನದೂ ಅಂತ..."

"ನನ್ನ ನೋವು ನನ್ನ ಹತ್ರವೇ ಇರ್ಲಿ. ಅಮ್ಮನ ಮನೆ ಎಲ್ಲುಂಟು ಅಂತ ಹೇಳುವ ಮಾತು ನಂದು ಸಾರ್. ಹೇಳುದಿದ್ರೆ ನಾನು ಹೇಳ್ಬೇಕು. ನೀವೊಮ್ಮೆಯೂ ಕೇಳ್ಳಿಲ್ಲ, ಹೇಳ್ಲಾ ಅಂತ. ನನ್ನ ಬಾಯಿಯ ಮಾತನ್ನೂ ನೀವೇ ಆಡಿದ್ರಿ. ನೀವೇ ಕೊರಗಪ್ಪ ಆದ್ರೆ ನಾನು ಯಾರು? ನಾಳೆ ಆರು ಗಂಟೆಗೆ ಸೀಬ್ ಊರಿನಲ್ಲಿ ಟ್ಯಾಂಕಿಗೆ ಇಳೀಲಿಕ್ಕುಂಟು. ನೀವು ಇಳೀತೀರಾ?"

ಇನ್ನೊಂದು ಮಾತು ಆಡಿದರೆ ಅಳುತ್ತಿದ್ದೆ. ಅವರೆದುರು ಅಳಲು ನನಗೆ ಮನಸ್ಸಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಬಂದೆ. ಗೇಟಿನವರೆಗೆ ಪುಟ್ಟಲಕ್ಷ್ಮಮ್ಮ ಓಡಿ ಬಂದರು.

"ಕೊರಗಪ್ಪ, ನನಗೂ ಅವರು ಹೇಳಿರಲಿಲ್ಲ. ಊಟ ಬಿಟ್ಟು ಹೋಗಬೇಡಿ. ಒಳಗೆ ಅಡುಗೆಮನೇಲಿ ಕೂತು..." ಎಂದವರು ನನ್ನನ್ನು ಬೇರೆ ಕೂರಿಸುವ ತಮ್ಮ ಮಾತು ತಮಗೇ ಕೇಳಿಸಿ ಬಾಯಿ ಮುಚ್ಚಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು. ನಾನು ಕೈಮುಗಿದು ನಡೆದೆ.

ಅಮೆರಿಕದವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಒಳ್ಳೆಯ ಮನಸ್ಸಿನಿಂದಲೇ ಹಾಡಿರಬೇಕು. ಆ ಗುಲಾಮನನ್ನು ಒಮ್ಮೆ ಕೇಳಿದ್ದನೋ ಇಲ್ಲವೋ ನನಗೆ ತಿಳಿಯದು. ಸಾರ್ ಅವರದೂ ಒಳ್ಳೆಯ ಮನಸ್ಸೇ. ಆ ಮನೆಯ ಮೇಜು, ಆ ಕಾಫಿ, ಆ ಹಾಳೆಗಳು ನನಗೆ ಎಷ್ಟು ಬೇಕಾಗಿದ್ದವು ಎಂದು ಬಿಟ್ಟ ಮೇಲೆ ಗೊತ್ತಾಯಿತು. ಅವರು ಎರಡು ಸಲ ಕಾರು ಕಳಿಸಿದರು. ನಾನು ಹೋಗಲಿಲ್ಲ. ಪತ್ರಿಕೆ ಮುಂದಿನ ವರ್ಷ ಬರಲಿಲ್ಲವಂತೆ. ಕನ್ನಡದವರು ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಉಪಕಾರ ಮಾಡಿದವರ ಮರ್ಯಾದೆ ತೆಗೆದವನು, ಹತ್ತಿದ ಏಣಿ ಒದ್ದವನು ಎಂದು ಹೆಸರಾಯಿತು.

"ಒಳ್ಳೇದಕ್ಕೇ ಮಾಡಿದ್ದಲ್ವಾ ಅವರು?" ಎಂದ ರೊನಾಲ್ಡ್ ಕೋಣೆಯಲ್ಲಿ. "ನಿಂಗೆ ಸ್ವಲ್ಪ ಹೆಚ್ಚಾಯ್ತು ಮಾರಾಯ."

ಚಲುವರಾಜು ಮಾತು ಬಿಟ್ಟಿದ್ದ.

ಮುಂದಿನ ಶುಕ್ರವಾರ ನಾನು ಬೇಗ ಎದ್ದೆ. ದಂಡೆಗೆ ಹೋಗಿ ಬೂತಾಯಿ ತಂದೆ. ಫ್ರಿಜ್ಜಿನ ಮೇಲಿನ ಕಾಗದ ಹರಿದೆ. ಒಲೆ ಹಚ್ಚಿದೆ. ಚಲುವರಾಜು ಬಾಗಿಲಿಗೆ ಬಂದು ನಿಂತ.

"ಒಲೆ ಬಿಡು ಕೊರಗಪ್ಪ."

"ಇವತ್ತು ಶುಕ್ರವಾರ," ಎಂದೆ. "ಉಣ್ಣುದು ಬಿಡುದು ನಿನ್ನ ಇಷ್ಟ. ಬೇಯಿಸುದು ನನ್ನ ಸರದಿ."

ಅವನು ಅಂಗಿ ಹಾಕಿಕೊಂಡು ಹೋಟೆಲಿಗೆ ಹೊರಟ. ರೊನಾಲ್ಡ್ ಬಾಗಿಲಲ್ಲಿ ಒಂದು ಕ್ಷಣ ನಿಂತ. ನನ್ನನ್ನು ನೋಡಿದ, ಅವನನ್ನು ನೋಡಿದ. ಅವನ ಹಿಂದೆಯೇ ಹೋದ. ನಾನು ಮೆಣಸು ಕಡೆದೆ, ಹುಳಿ ಕಿವುಚಿದೆ. ನೆಲದ ಮೇಲೆ ಪೇಪರ್ ಹಾಸಿ ನಾಲ್ಕು ತಟ್ಟೆ ಇಟ್ಟೆ.

ಉಮರಬ್ಬ ಜುಮ್ಮಾ ನಮಾಜು ಮುಗಿಸಿ ಬಂದ. ಖಾಲಿ ತಟ್ಟೆಗಳನ್ನು ನೋಡಿದ. ಕೂತು ಅನ್ನ ಕಲಸಿದ. ಒಂದು ತುತ್ತು ಬಾಯಿಗಿಟ್ಟವನು ಮುಖ ಸಿಂಡರಿಸಿದ.

"ಉಪ್ಪು ಎಷ್ಟು ಹಾಕಿದ್ದಿ ಮಾರಾಯ? ಕಡಲನ್ನೇ ಸುರಿದಿದ್ದಿಯಾ? ಇದನ್ನು ಮನುಷ್ಯರು ತಿನ್ಲಿಕ್ಕುಂಟಾ?"

ಬೈಯುತ್ತಲೇ ತಿಂದ. ಇನ್ನಷ್ಟು ಅನ್ನ ಕೇಳಿದ. ನನಗೆ ಅಳು ಉಕ್ಕಿ ಬಂತು. ಅವನೆದುರು ಕೂತು ಬಾಯಿಬಿಟ್ಟು ಅತ್ತೆ. ಅವನು ಸಮಾಧಾನ ಹೇಳಲಿಲ್ಲ. "ಅಳುದಿದ್ರೆ ಆಚೆ ಅಳು, ಸಾರು ಇನ್ನೂ ಉಪ್ಪಾಗ್ತದೆ" ಎಂದು ಗೊಣಗಿದ.

ಉಳಿದಿಬ್ಬರ ಪಾಲನ್ನು ಸಂಜೆಯವರೆಗೆ ಮುಚ್ಚಿಟ್ಟೆ. ಅವರು ಬಂದರು, ಕೈಕಾಲು ತೊಳೆದರು, ಪಾತ್ರೆಯ ಕಡೆ ನೋಡದೆ ಮಲಗಿದರು. ಹಿಂದಿನ ಓಣಿಯ ಬೆಕ್ಕುಗಳಿಗೆ ಅದನ್ನು ಸುರಿದು ಬಂದೆ.

ಅದರ ಮುಂದಿನ ಶುಕ್ರವಾರವೂ ನಾಲ್ಕು ಜನಕ್ಕಾಗುವಷ್ಟು ಮೀನು ತಂದೆ.